ಸೆಕೆಂಡ್ ಹ್ಯಾಂಡ್ ಕಾರಿನ ರಿಪೋರ್ಟ್‌ನಲ್ಲಿ ‘ಏರ್‌ಬ್ಯಾಗ್ ಓಕೆ’ ಅಂತ ಇದ್ದರೆ ಅಷ್ಟಕ್ಕೇ ನಂಬಬೇಡಿ

ಇದು ಎರಡು ಸರ್ವಿಸ್‌ಗಳ ರಿವ್ಯೂ. ಒಂದು, ಆನ್‌ಲೈನ್‌ನಲ್ಲಿ ಹಳೆ ಕಾರು ಮಾರುವ ದೊಡ್ಡ ಕಂಪನಿಯೊಂದು ಪ್ರತಿ ಕಾರಿನ ಜೊತೆ ಕೊಡುವ ಇನ್‌ಸ್ಪೆಕ್ಷನ್ ರಿಪೋರ್ಟ್. ಇನ್ನೊಂದು, ಬೆಂಗಳೂರಿನ ಜೆ.ಸಿ. ರಸ್ತೆ ಪಕ್ಕದ ಗಲ್ಲಿಯಲ್ಲಿ ಅಂಗಡಿ ಇಟ್ಟಿರುವ ಆಟೋ ಎಲೆಕ್ಟ್ರಿಷಿಯನ್ ಒಬ್ಬರು ಮಾಡಿಕೊಟ್ಟ ಏರ್‌ಬ್ಯಾಗ್ ಚೆಕಪ್. ಮೊದಲನೆಯದಕ್ಕೆ ಐದರಲ್ಲಿ ಒಂದು ಸ್ಟಾರ್. ಎರಡನೆಯದಕ್ಕೆ ನಾಲ್ಕು. ಯಾರ ಹೆಸರೂ ಹಾಕುತ್ತಿಲ್ಲ, ಯಾಕಂದ್ರೆ ಇದು ಒಂದೇ ಕಂಪನಿಯ ತೊಂದರೆ ಅಂತ ನನಗೆ ಅನಿಸಿಲ್ಲ. ಆಮೇಲೆ ಬೇರೆ ಕಡೆಯ ರಿಪೋರ್ಟ್‌ಗಳನ್ನೂ ತೆಗೆದು ನೋಡಿದೆ. ಅಲ್ಲೂ ಟೈರ್‌ಗೆ ಅರ್ಧ ಪುಟ, ಸ್ಕ್ರ್ಯಾಚ್‌ಗೆ ಒಂದು ಪುಟ ಫೋಟೋ, ಏರ್‌ಬ್ಯಾಗ್‌ಗೆ ಮಾತ್ರ ಒಂದು ಸಾಲು, ಒಂದು ಹಸಿರು ಟಿಕ್.

ಕಾರು ಬೇಕಾಗಿದ್ದು ಅಕ್ಕನ ಮನೆಗೆ. ಭಾವ, ಅಕ್ಕ, ಇಬ್ಬರು ಮಕ್ಕಳು, ಆಗಾಗ ಊರಿಂದ ಬರುವ ಅತ್ತೆ ಮಾವ. ಬಜೆಟ್ ನೋಡಿದರೆ ಹತ್ತು ಹನ್ನೆರಡು ವರ್ಷ ಹಳೆಯ ಒಳ್ಳೆ ಸೆಡಾನ್, ಇಲ್ಲಾಂದ್ರೆ ನಾಲ್ಕೈದು ವರ್ಷದ ಚಿಕ್ಕ ಕಾರು. ಭಾವನಿಗೆ ಸೆಡಾನ್ ಮೇಲೆ ಕಣ್ಣು. ಟಾಪ್ ಮಾಡೆಲ್, ಎರಡು ಏರ್‌ಬ್ಯಾಗ್, ಎಬಿಎಸ್, ಒಬ್ಬರೇ ಓನರ್, ಕಿಲೋಮೀಟರ್ ಕಮ್ಮಿ. ರಿಪೋರ್ಟ್ ಓದಿದರೆ ಇವತ್ತೇ ಟೋಕನ್ ಕೊಟ್ಟುಬಿಡೋಣ ಅನಿಸುವ ಹಾಗಿತ್ತು, ಭಾವ ಕೊಟ್ಟೂ ಬಿಟ್ಟರು. ಟೆಸ್ಟ್ ಡ್ರೈವ್‌ಗೆ ಕಂಪನಿಯ ಹುಡುಗ ಕಾರನ್ನು ಮನೆಗೇ ತಂದ. ಆ ಹುಡುಗನ ಬಗ್ಗೆ ಒಂದು ಮಾತೂ ಕೆಟ್ಟದಾಗಿ ಹೇಳುವ ಹಾಗಿಲ್ಲ. ನಮ್ಮ ಎಲೆಕ್ಟ್ರಿಷಿಯನ್ ಹತ್ತಿರ ಒಮ್ಮೆ ತೋರಿಸಬೇಕು ಅಂದಾಗ ಆಫೀಸಿಗೆ ಫೋನ್ ಮಾಡಿ ಒಪ್ಪಿಸಿ, ತಾನೂ ಜೊತೆಗೆ ಬಂದ, ಬಿಸಿಲಲ್ಲಿ ಕಾದು ನಿಂತ.

ಈಗ ಅಲ್ಲಿ ಏನಾಯ್ತು ಅನ್ನೋದನ್ನ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಈ ಭಾಗ ಮಾತ್ರ ದಯವಿಟ್ಟು ನಿಧಾನವಾಗಿ ಓದಿ.

ಎಲೆಕ್ಟ್ರಿಷಿಯನ್ ಮೊದಲು ಸ್ಕ್ಯಾನರ್, ಅಂದರೆ ಕಾರಿನ ಕಂಪ್ಯೂಟರ್‌ನಲ್ಲಿರುವ ದೋಷದ ಕೋಡ್ ಓದುವ ಯಂತ್ರ, ಮುಟ್ಟಲೇ ಇಲ್ಲ. ಡ್ರೈವರ್ ಸೀಟಲ್ಲಿ ಕೂತು, ಕೀ ಆನ್ ಮಾಡಿ, ಗಾಡಿ ಸ್ಟಾರ್ಟ್ ಮಾಡದೆ ಸುಮ್ನೆ ಮೀಟರ್ ನೋಡ್ತಾ ಕೂತರು. ಕೀ ಆನ್ ಮಾಡಿದಾಗ ಮೀಟರ್‌ನಲ್ಲಿ ಎಲ್ಲಾ ಲೈಟೂ ಹತ್ತುತ್ತೆ, ಅಲ್ವಾ. ಅದರಲ್ಲಿ ಏರ್‌ಬ್ಯಾಗ್ ಲೈಟ್, ಅಂದರೆ ಕೂತ ಮನುಷ್ಯನ ಮುಂದೆ ಉರುಟು ಚೆಂಡಿನಂಥ ಗುರುತು ಇರುತ್ತಲ್ಲ ಅದು, ಐದಾರು ಸೆಕೆಂಡ್ ಉರಿದು ತಾನಾಗಿಯೇ ಆರಬೇಕು. ಎಂಜಿನ್ ಸ್ಟಾರ್ಟ್ ಆಗಿರಲಿ ಬಿಡಲಿ. ಅಷ್ಟು ಹೊತ್ತಲ್ಲಿ ಏರ್‌ಬ್ಯಾಗ್ ಕಂಟ್ರೋಲ್ ಯೂನಿಟ್ ತನ್ನ ವೈರಿಂಗ್ ಎಲ್ಲಾ ಸರಿ ಇದೆಯಾ ಅಂತ ತಾನೇ ಪರೀಕ್ಷೆ ಮಾಡಿಕೊಳ್ಳುತ್ತೆ. ಬ್ಯಾಟರಿ ಲೈಟ್, ಆಯಿಲ್ ಲೈಟ್ ಹಾಗಲ್ಲ, ಎಂಜಿನ್ ಸ್ಟಾರ್ಟ್ ಆದ ಮೇಲೇ ಅವು ಆರುವುದು.

ಈ ಕಾರಿನಲ್ಲಿ ಏರ್‌ಬ್ಯಾಗ್ ಲೈಟ್ ಉರಿಯುತ್ತಲೇ ಇತ್ತು. ಹತ್ತು ಸೆಕೆಂಡ್, ಇಪ್ಪತ್ತು, ಅರ್ಧ ನಿಮಿಷ. ಆಮೇಲೆ ಅವರು ಗಾಡಿ ಸ್ಟಾರ್ಟ್ ಮಾಡಿದರು. ಬ್ಯಾಟರಿ ಲೈಟ್ ಆರಿದ ಕ್ಷಣಕ್ಕೇ ಏರ್‌ಬ್ಯಾಗ್ ಲೈಟೂ ಆರಿತು. ಎರಡೂ ಒಟ್ಟಿಗೆ, ಒಂದೇ ಸ್ವಿಚ್ ಒತ್ತಿದ ಹಾಗೆ. “ನೋಡಿ ಸಾರ್, ಎರಡಕ್ಕೂ ಒಂದೇ ವೈರ್ ಕೊಟ್ಟಿದ್ದಾರೆ” ಅಂದರು. ಭಾವನಿಗೆ ನಂಬಿಕೆ ಬರಲಿಲ್ಲ, ಮತ್ತೆ ಮಾಡಿ ಅಂದರು. ಮತ್ತೆಯೂ ಅದೇ.

ಅಂದರೆ ಯಾರೋ ಮೀಟರ್ ಬಿಚ್ಚಿ, ಏರ್‌ಬ್ಯಾಗ್ ಲೈಟಿನ ವೈರನ್ನು ಬ್ಯಾಟರಿ ಲೈಟಿಗೆ ಜೋಡಿಸಿದ್ದಾರೆ. ಕೀ ಹಾಕಿ ಸೀದಾ ಸ್ಟಾರ್ಟ್ ಮಾಡುವವರಿಗೆ ಲೈಟ್ ಹತ್ತಿತು, ಆರಿತು, ಎಲ್ಲಾ ಸರಿ ಇದೆ ಅಂತಲೇ ಕಾಣಿಸುತ್ತೆ. ಇನ್‌ಸ್ಪೆಕ್ಷನ್ ಮಾಡಿದವರೂ ಹಾಗೇ ಮಾಡಿರುತ್ತಾರೆ. ದಿನಕ್ಕೆ ಇಷ್ಟು ಕಾರು ನೋಡಬೇಕು ಅಂತ ಇರುವವರು ಅರ್ಧ ನಿಮಿಷ ಸುಮ್ಮನೆ ಕೂತು ಲೈಟ್ ನೋಡುತ್ತಾರೆ ಅಂತ ನನಗೇನೂ ಅನಿಸಲ್ಲ. ಆದರೆ ಆ ಅರ್ಧ ನಿಮಿಷ ಕೊಡದೆ ಹಸಿರು ಟಿಕ್ ಹಾಕುವುದು ಸರಿಯಲ್ಲ. ಅದನ್ನು ನಂಬಿ ದುಡ್ಡು ಕೊಡುವವರ ಮನೆಯಲ್ಲಿ ಮಕ್ಕಳಿರುತ್ತಾರೆ.

ಆಮೇಲೆ ಸ್ಕ್ಯಾನರ್ ಹಾಕಿದರು. ಇಲ್ಲೊಂದು ವಿಷಯ ತಿಳಿದಿರಲಿ. ಆನ್‌ಲೈನ್‌ನಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಬ್ಲೂಟೂತ್ ಸ್ಕ್ಯಾನರ್ ಸಾಮಾನ್ಯವಾಗಿ ಎಂಜಿನ್ ಕೋಡ್ ಮಾತ್ರ ಓದುತ್ತೆ. ಏರ್‌ಬ್ಯಾಗ್ ಯೂನಿಟ್ ಜೊತೆ ಮಾತಾಡಬೇಕು ಅಂದ್ರೆ ಆ ಸೌಲಭ್ಯ ಇರುವ ಒಳ್ಳೆ ಸ್ಕ್ಯಾನರೇ ಬೇಕು. ಅವರ ಹತ್ತಿರ ಅದಿತ್ತು. ಬಿ ಅಕ್ಷರದಿಂದ ಶುರುವಾಗುವ ಕೋಡ್‌ಗಳು ಸಾಲಾಗಿ ಬಂದವು. ಪಕ್ಕದ ಸೀಟಿನ ಏರ್‌ಬ್ಯಾಗ್ ಸರ್ಕ್ಯೂಟ್ ಓಪನ್, ಅಂದರೆ ವೈರಿನ ಸಂಪರ್ಕ ಕಡಿದಿದೆ. ಅದರ ಕೆಳಗೆ, ಅಪಘಾತ ದಾಖಲಾಗಿದೆ ಅನ್ನುವ ಇನ್ನೊಂದು ಕೋಡ್. ಅದನ್ನು ಕ್ಲಿಯರ್ ಮಾಡಲು ನೋಡಿದರೂ ಹೋಗಲಿಲ್ಲ. ಒಮ್ಮೆ ಏರ್‌ಬ್ಯಾಗ್ ಬಿಚ್ಚಿಕೊಂಡರೆ ಎಷ್ಟೋ ಕಾರುಗಳಲ್ಲಿ ಯೂನಿಟ್ ಆ ದಾಖಲೆಯನ್ನು ಒಳಗೆ ಬೀಗ ಹಾಕಿ ಇಟ್ಟುಕೊಳ್ಳುತ್ತೆ.

ಕೊನೆಗೆ ಗ್ಲೋವ್ ಬಾಕ್ಸ್ ಬಿಚ್ಚಿ ಟಾರ್ಚ್ ಹಿಡಿದು ತೋರಿಸಿದರು. ಬಿಚ್ಚುವ ಮುಂಚೆ ಬ್ಯಾಟರಿ ಟರ್ಮಿನಲ್ ತೆಗೆದು ಕೆಲವು ನಿಮಿಷ ಕಾದರು, ಯಾಕಂದ್ರೆ ಬ್ಯಾಟರಿ ತೆಗೆದರೂ ಏರ್‌ಬ್ಯಾಗ್ ಯೂನಿಟ್‌ನ ಕೆಪಾಸಿಟರ್‌ನಲ್ಲಿ ಸ್ವಲ್ಪ ಹೊತ್ತು ಕರೆಂಟ್ ಉಳಿದಿರುತ್ತೆ. ನಾನು ಎಲೆಕ್ಟ್ರಿಷಿಯನ್‌ಗೆ ಮಾರ್ಕ್ಸ್ ಕೊಟ್ಟಿದ್ದೇ ಇಲ್ಲಿ. ಡ್ಯಾಶ್‌ಬೋರ್ಡ್ ಒಳಗೆ ಏರ್‌ಬ್ಯಾಗ್ ಇರಬೇಕಾದ ಜಾಗ ಖಾಲಿ. ಬೋಲ್ಟ್ ಹಾಕುವ ತೂತುಗಳು ಮಾತ್ರ ಇದ್ದವು. ಏರ್‌ಬ್ಯಾಗ್ ವೈರಿಂಗ್ ಸಾಮಾನ್ಯವಾಗಿ ಹಳದಿ ಬಣ್ಣದ್ದಿರುತ್ತೆ, ಮೆಕ್ಯಾನಿಕ್‌ಗಳಿಗೆ ಗುರುತು ಸಿಗಲಿ ಅಂತ. ವೈರ್ ಸಿಕ್ಕಿಸುವ ಆ ಹಳದಿ ಕಪ್ಲರ್‌ಗೆ ಕಪ್ಪು ಟೇಪ್ ಸುತ್ತಿ ಒಳಗೆ ನೇತುಹಾಕಿದ್ದರು. ಮೇಲಿನ ಮುಚ್ಚಳವನ್ನು ಗಮ್ ಹಾಕಿ ಅಂಟಿಸಿದ್ದರು. ಮೇಲಿಂದ ನೋಡಿದರೆ ‘ಎಸ್‌ಆರ್‌ಎಸ್ ಏರ್‌ಬ್ಯಾಗ್’ ಅನ್ನುವ ಅಕ್ಷರ ನೀಟಾಗಿ ಕಾಣುತ್ತಿತ್ತು.

ಅಕ್ಕ ಕೂರುವುದು ಆ ಸೀಟಲ್ಲೇ.

ಕಂಪನಿಗೆ ಫೋನ್ ಮಾಡಿದೆವು. ಮೊದಲ ಉತ್ತರ, ವಾರಂಟಿ ಎಂಜಿನ್ ಮತ್ತು ಗೇರ್‌ಬಾಕ್ಸ್‌ಗೆ ಮಾತ್ರ, ಏರ್‌ಬ್ಯಾಗ್ ಬರಲ್ಲ. ನಾವು ಕೇಳಿದ್ದು ವಾರಂಟಿ ಬಗ್ಗೆ ಅಲ್ಲ, ಇಲ್ಲದ ವಸ್ತುವನ್ನು ಇದೆ ಅಂತ ಯಾಕೆ ಬರೆದಿರಿ ಅಂತ. ಅದಕ್ಕೆ, “ವಿಷುವಲ್ ಇನ್‌ಸ್ಪೆಕ್ಷನ್ ಸಾರ್, ಬಿಚ್ಚಿ ನೋಡೋದಿಲ್ಲ” ಅಂದರು. ಇದು ರಿಪೋರ್ಟ್‌ನ ಕೊನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಇದೆ ಕೂಡ. ಟೋಕನ್ ದುಡ್ಡು ವಾಪಸ್ ಬಂತು, ಸ್ವಲ್ಪ ಜಗಳ ಆಡಿದ ಮೇಲೆ. ಅದಕ್ಕೇ ಒಂದು ಸ್ಟಾರ್ ಕೊಟ್ಟಿರೋದು. ಸಿಟ್ಟು ಬಂದಿದ್ದು ಯಾವಾಗ ಅಂದ್ರೆ, ಅದೇ ಕಾರು ಆಮೇಲೂ ಅದೇ ಹಸಿರು ಟಿಕ್ ಜೊತೆ ಆ್ಯಪ್‌ನಲ್ಲಿ ಹಾಗೇ ಇತ್ತು. ಸ್ಕ್ಯಾನ್ ಫೋಟೋ, ಖಾಲಿ ಜಾಗದ ಫೋಟೋ ಎರಡನ್ನೂ ಬರಹದಲ್ಲಿ ಕಂಪ್ಲೇಂಟ್ ಹಾಕಿ ಕಳಿಸಿದ ಮೇಲೆ ತೆಗೆದರು.

ನಮ್ಮ ಕಾರಿನದ್ದು ಒರಟು ಕೆಲಸ, ಅದಕ್ಕೇ ಬೇಗ ಸಿಕ್ಕಿತು. ಇದಕ್ಕಿಂತ ನಾಜೂಕಾಗಿ ಮಾಡುವವರೂ ಇದ್ದಾರೆ ಅಂತ ಎಲೆಕ್ಟ್ರಿಷಿಯನ್ ಹೇಳಿದರು. ಏರ್‌ಬ್ಯಾಗ್‌ಗೆ ಬೆಂಕಿ ಕೊಡುವ ಸಣ್ಣ ಭಾಗದ ರೆಸಿಸ್ಟೆನ್ಸ್ ಸುಮಾರು ಎರಡು ಓಮ್. ಅಷ್ಟೇ ಓಮ್‌ನ ಒಂದು ಚಿಕ್ಕ ರೆಸಿಸ್ಟರ್ ಅನ್ನು ಹಳದಿ ಕಪ್ಲರ್‌ಗೆ ಸಿಕ್ಕಿಸಿದರೆ ಕಂಟ್ರೋಲ್ ಯೂನಿಟ್‌ಗೆ ಏರ್‌ಬ್ಯಾಗ್ ಇದೆ ಅಂತಲೇ ಅನಿಸುತ್ತೆ. ಲೈಟೂ ಸರಿಯಾಗಿ ಹತ್ತಿ ಆರುತ್ತೆ, ಸ್ಕ್ಯಾನರ್‌ನಲ್ಲೂ ಕೋಡ್ ಬರಲ್ಲ. ಆಗ ಬಿಚ್ಚಿ ನೋಡದೆ ಬೇರೆ ದಾರಿ ಇಲ್ಲ, ಇಲ್ಲಾಂದ್ರೆ ಸುತ್ತಮುತ್ತಲ ಗುರುತು ನೋಡಬೇಕು. ಸೀಟ್ ಬೆಲ್ಟ್ ಬುಡದಲ್ಲಿ ಒಂದು ಬಿಳಿ ಚೀಟಿ ಹೊಲಿದಿರುತ್ತೆ, ಅದರಲ್ಲಿ ತಯಾರಾದ ತಿಂಗಳು ವರ್ಷ ಇರುತ್ತೆ. ಕಾರಿಗಿಂತ ಬೆಲ್ಟ್ ಹೊಸದಾಗಿದ್ದರೆ ಯಾಕೆ ಬದಲಾಯಿಸಿದರು ಅಂತ ಕೇಳಿ, ಯಾಕಂದ್ರೆ ಏರ್‌ಬ್ಯಾಗ್ ಬಿಚ್ಚಿಕೊಳ್ಳುವಾಗ ಬೆಲ್ಟ್ ಎಳೆದು ಹಿಡಿಯುವ ಪ್ರಿಟೆನ್ಷನರ್ ಕೂಡ ಸಾಮಾನ್ಯವಾಗಿ ಹೊಡೆದುಕೊಳ್ಳುತ್ತೆ, ಆಮೇಲೆ ಅದು ಕೆಲಸಕ್ಕೆ ಬರಲ್ಲ. ಸ್ಟಿಯರಿಂಗ್ ಮಧ್ಯದ ಪ್ಯಾಡ್ ಮತ್ತು ಉಳಿದ ಪ್ಲಾಸ್ಟಿಕ್ ಬಣ್ಣ ಒಂದೇ ತರ ಇದೆಯಾ ಅಂತಲೂ ನೋಡಿ. ಹಾರ್ನ್ ಒಮ್ಮೊಮ್ಮೆ ಹೊಡೆಯುತ್ತೆ ಒಮ್ಮೊಮ್ಮೆ ಇಲ್ಲ, ಸ್ಟಿಯರಿಂಗ್ ಮೇಲಿನ ವಾಲ್ಯೂಮ್ ಬಟನ್ ಕೆಲಸ ಮಾಡಲ್ಲ ಅಂದ್ರೆ ಅದನ್ನು ಸಣ್ಣ ರಿಪೇರಿ ಅಂತ ಬಿಡಬೇಡಿ. ಸ್ಟಿಯರಿಂಗ್ ಒಳಗೆ ಸುರುಳಿ ಸುತ್ತಿದ ಪಟ್ಟಿಯಂಥ ಕೇಬಲ್ ಇರುತ್ತೆ, ಕ್ಲಾಕ್ ಸ್ಪ್ರಿಂಗ್ ಅಂತಾರೆ, ಕೆಲವರು ಸ್ಪೈರಲ್ ಕೇಬಲ್ ಅಂತಾರೆ. ಹಾರ್ನ್‌ಗೂ ಡ್ರೈವರ್ ಏರ್‌ಬ್ಯಾಗ್‌ಗೂ ಕರೆಂಟ್ ಹೋಗುವುದು ಅದರ ಮೂಲಕವೇ. ಅದು ತುಂಡಾದರೆ ಏರ್‌ಬ್ಯಾಗ್ ಒಳಗೆ ಚೆನ್ನಾಗಿಯೇ ಇದ್ದರೂ ಬಿಚ್ಚಿಕೊಳ್ಳಲ್ಲ.

ಇದು ಕಳಪೆ ಕಾರುಗಳಲ್ಲಿ ಮಾತ್ರ ಬರುವ ತೊಂದರೆ ಅಂತಲೂ ಅಂದುಕೊಳ್ಳಬೇಡಿ. ನಮ್ಮ ಬಿಡದಿಯಲ್ಲೇ ತಯಾರಾಗುವ ಇನ್ನೋವಾ, ಕರ್ನಾಟಕದ ಅರ್ಧ ಕುಟುಂಬಗಳು ಧರ್ಮಸ್ಥಳ ತಿರುಪತಿ ನೋಡಿದ್ದು ಅದರಲ್ಲೇ ಅನ್ನಬಹುದು. 2014ರಲ್ಲಿ ಟೊಯೋಟಾ ಇದೇ ಸ್ಪೈರಲ್ ಕೇಬಲ್ ಬದಲಾಯಿಸಲು 2005ರಿಂದ 2008ರವರೆಗೆ ತಯಾರಾದ 44,989 ಇನ್ನೋವಾಗಳನ್ನು ವಾಪಸ್ ಕರೆಯಿತು. ಕಂಪನಿ ತಾನಾಗಿಯೇ ಹೇಳಿ ಸರಿ ಮಾಡಿಕೊಟ್ಟಿದ್ದು ಒಳ್ಳೆಯದೇ. ಆದರೆ ಅಂಥ ಎಷ್ಟೋ ಗಾಡಿಗಳು ಅಷ್ಟರಲ್ಲಾಗಲೇ ಎರಡನೇ ಮೂರನೇ ಓನರ್ ಕೈಗೆ ಹೋಗಿರುತ್ತವೆ, ಕಂಪನಿಯ ಪತ್ರ ಹೋಗುವುದು ಹಳೇ ವಿಳಾಸಕ್ಕೆ. ಹೊಸ ಕಾರುಗಳೂ ಇದರಿಂದ ಹೊರತಲ್ಲ. 2023ರ ಜನವರಿಯಲ್ಲಿ ಮಾರುತಿ ಸುಜುಕಿ ಏರ್‌ಬ್ಯಾಗ್ ಕಂಟ್ರೋಲರ್ ದೋಷಕ್ಕಾಗಿ 17,362 ಕಾರುಗಳನ್ನು ಕರೆಸಿತು. ಆಲ್ಟೊ ಕೆ10, ಎಸ್-ಪ್ರೆಸ್ಸೊ, ಈಕೊ, ಬಲೆನೊ, ಬ್ರೆಝಾ, ಗ್ರ್ಯಾಂಡ್ ವಿಟಾರಾ ಎಲ್ಲವೂ ಆ ಪಟ್ಟಿಯಲ್ಲಿದ್ದವು. ಅವೂ ಈಗ ಸೆಕೆಂಡ್ ಹ್ಯಾಂಡ್‌ಗೆ ಬರುವ ವಯಸ್ಸಿನವು.

ಇಷ್ಟೂ ಏರ್‌ಬ್ಯಾಗ್ ಬಿಚ್ಚಿಕೊಳ್ಳದಿರುವ ಕಥೆ. ಬಿಚ್ಚಿಕೊಂಡೇ ಜೀವ ತೆಗೆಯುವ ಕಥೆ ಇನ್ನೊಂದಿದೆ, ಹಳೇ ಸೆಡಾನ್ ಹುಡುಕುವ ಎಲ್ಲರಿಗೂ ಅದು ಗೊತ್ತಿರಬೇಕು. ತಕಾಟಾ ಅಂತ ಜಪಾನಿನ ಕಂಪನಿ, ಹತ್ತಾರು ಕಾರು ಕಂಪನಿಗಳಿಗೆ ಏರ್‌ಬ್ಯಾಗ್ ಮಾಡಿ ಕೊಡುತ್ತಿತ್ತು. ಚೀಲ ಉಬ್ಬಿಸಲು ಅವರು ಬಳಸಿದ್ದು ಅಮೋನಿಯಂ ನೈಟ್ರೇಟ್. ವರ್ಷಗಟ್ಟಲೆ ಬಿಸಿಲು ಮತ್ತು ತೇವ ತಿಂದು ಆ ರಾಸಾಯನಿಕ ಕೆಡುತ್ತೆ, ತೇವ ಹೀರುವ ವಸ್ತುವನ್ನು ಎಷ್ಟೋ ಇನ್‌ಫ್ಲೇಟರ್‌ಗಳಲ್ಲಿ, ಅಂದರೆ ಚೀಲ ಉಬ್ಬಿಸುವ ಲೋಹದ ಡಬ್ಬಿಗಳಲ್ಲಿ, ಹಾಕಿರಲಿಲ್ಲ. ಕೆಟ್ಟ ಮೇಲೆ ಉರಿಯಬೇಕಾದ್ದು ಸಿಡಿಯುತ್ತೆ, ಲೋಹದ ಡಬ್ಬಿ ಚೂರಾಗಿ ಚೀಲ ಹರಿದುಕೊಂಡು ಮುಖಕ್ಕೆ ಕುತ್ತಿಗೆಗೆ ಬಡಿಯುತ್ತೆ. ಅಮೆರಿಕದಲ್ಲೇ 25ಕ್ಕೂ ಹೆಚ್ಚು ಜನ ಸತ್ತಿದ್ದಾರೆ, ಅಲ್ಲಿ ವಾಪಸ್ ಕರೆದ ಇನ್‌ಫ್ಲೇಟರ್‌ಗಳು ಸುಮಾರು 6.7 ಕೋಟಿ. 2014ರಲ್ಲಿ ಮಲೇಷ್ಯಾದಲ್ಲಿ ಹೋಂಡಾ ಸಿಟಿ ಕಾರಿನಲ್ಲಿದ್ದ ಗರ್ಭಿಣಿಯೊಬ್ಬರು ಹೀಗೇ ತೀರಿಕೊಂಡರು. ತಕಾಟಾ 2017ರಲ್ಲಿ ದಿವಾಳಿಯಾಯ್ತು.

ನಮ್ಮ ದೇಶದಲ್ಲೂ ಇದಕ್ಕಾಗಿ ರಿಕಾಲ್, ಅಂದರೆ ಕಂಪನಿಯೇ ಕಾರು ವಾಪಸ್ ಕರೆಸಿ ಸರಿ ಮಾಡಿಕೊಡುವುದು, ಆಗಿದೆ. ಹೋಂಡಾ ಒಂದೇ 2017ರ ಜನವರಿಯಲ್ಲಿ, 2012ರಲ್ಲಿ ತಯಾರಾದ 41,580 ಕಾರುಗಳನ್ನು, 2018ರ ಜನವರಿಯಲ್ಲಿ 2013ರ 22,834 ಕಾರುಗಳನ್ನು ಕರೆಸಿತು. ಸಿಟಿ, ಜಾಝ್, ಅಕಾರ್ಡ್ ಇವೆಲ್ಲಾ ಅದರಲ್ಲಿದ್ದವು. ಬಜೆಟ್‌ನಲ್ಲಿ ಹಳೇ ಸೆಡಾನ್ ಹುಡುಕುವವರಿಗೆ ಇವತ್ತೂ ಕಣ್ಣಿಗೆ ಬೀಳುವುದು ಇಂಥವೇ. ಅಮೆರಿಕದಲ್ಲಿ ಫ್ಲಾರಿಡಾದಂಥ ಸೆಕೆ ಮತ್ತು ತೇವದ ಊರುಗಳ ಕಾರಿಗೆ ಮೊದಲ ಆದ್ಯತೆ ಕೊಟ್ಟು ಬದಲಾಯಿಸಿದರು. ಮಂಗಳೂರು, ಉಡುಪಿ, ಕಾರವಾರದ ಸೆಕೆ ಹೇಗಿರುತ್ತೆ ಅಂತ ನಾನು ಹೇಳಬೇಕಾಗಿಲ್ಲ. ಕರಾವಳಿಯಲ್ಲಿ ಹತ್ತು ವರ್ಷ ಓಡಿದ, ಆ ವರ್ಷಗಳ ಕಾರು ನೋಡುತ್ತಿದ್ದರೆ ರಿಕಾಲ್ ಕೆಲಸ ಆಗಿದೆಯಾ ಅಂತ ಖಾತ್ರಿ ಆಗದೆ ಒಂದು ರೂಪಾಯಿಯೂ ಕೊಡಬೇಡಿ. ಇದು ಮೀಟರ್ ಲೈಟಿನಲ್ಲಿ ಗೊತ್ತಾಗಲ್ಲ, ಸ್ಕ್ಯಾನರ್‌ನಲ್ಲೂ ಗೊತ್ತಾಗಲ್ಲ. ಕೆಟ್ಟ ಇನ್‌ಫ್ಲೇಟರ್ ಕೂಡ ವೈರಿಂಗ್ ಲೆಕ್ಕದಲ್ಲಿ ಸರಿಯಾಗೇ ಕಾಣುತ್ತೆ. ಇರುವ ದಾರಿ ಒಂದೇ, ಆರ್‌ಸಿಯಲ್ಲಿರುವ ಚಾಸಿ ನಂಬರ್ ತಗೊಂಡು ಆ ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ ಕೇಳುವುದು, ಇಲ್ಲಾ ಅವರ ವೆಬ್‌ಸೈಟ್‌ನಲ್ಲಿ ಹಾಕಿ ನೋಡುವುದು. ರಿಕಾಲ್ ಬಾಕಿ ಇದ್ದರೆ ನೀವು ಎಷ್ಟನೇ ಓನರ್ ಆದರೂ ಪಾರ್ಟ್‌ಗೂ ಕೂಲಿಗೂ ದುಡ್ಡು ತಗೊಳ್ಳಬಾರದು.

ನಾವು ಟೋಕನ್ ಕೊಟ್ಟ ಕಂಪನಿಯ ರಿಪೋರ್ಟ್‌ನಲ್ಲಿ ರಿಕಾಲ್ ಅನ್ನುವ ಪದವೇ ಇಲ್ಲ. ಇದು ನನಗೆ ಖಾಲಿ ಡ್ಯಾಶ್‌ಬೋರ್ಡ್‌ಗಿಂತ ಜಾಸ್ತಿ ಬೇಜಾರು ಮಾಡಿದ ವಿಷಯ. ಬಿಚ್ಚಿ ನೋಡಲು ಟೈಮ್ ಬೇಕು, ಒಪ್ಪೋಣ. ಚಾಸಿ ನಂಬರ್ ಅವರ ಕೈಯಲ್ಲೇ ಇರುತ್ತಲ್ಲ, ಅದನ್ನು ಹಾಕಿ ನೋಡಲು ಏನು ಕಷ್ಟ?

ನೀರಿಗೆ ಸಿಕ್ಕ ಕಾರುಗಳ ಬಗ್ಗೆಯೂ ಒಂದು ಮಾತು. ಏರ್‌ಬ್ಯಾಗ್ ಕಂಟ್ರೋಲ್ ಯೂನಿಟ್ ಸಾಮಾನ್ಯವಾಗಿ ಗೇರ್ ಲಿವರ್ ಹತ್ತಿರ, ನೆಲಕ್ಕೆ ಅಂಟಿದಂತೆ ಇರುತ್ತೆ. ಎಷ್ಟೋ ಕಾರುಗಳಲ್ಲಿ ಸೀಟಿನ ಕೆಳಗೂ ಹಳದಿ ಕಪ್ಲರ್‌ಗಳು ಇರುತ್ತವೆ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಯಮಲೂರು ಕಡೆ ಬೇಸ್‌ಮೆಂಟ್‌ನಲ್ಲಿ ಮುಳುಗಿದ ಕಾರುಗಳನ್ನು ಟಿವಿಯಲ್ಲಿ ನೋಡಿದ್ದೀರಿ. ಅಂಥ ಕಾರು ತೊಳೆದು ಒಣಗಿಸಿ ಸೀಟ್ ಕವರ್ ಹೊಸದು ಹಾಕಿದರೆ ಹೊರಗಿನಿಂದ ಏನೂ ಗೊತ್ತಾಗಲ್ಲ. ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಕೆಳಗಿನ ಹಳಿ ಮತ್ತು ಕಪ್ಲರ್ ಪಿನ್‌ಗಳಲ್ಲಿ ತುಕ್ಕು, ಒಣಗಿದ ಕೆಸರು ಇದೆಯಾ ನೋಡಿ. ಸೀಟಿನಲ್ಲೇ ಸೈಡ್ ಏರ್‌ಬ್ಯಾಗ್ ಇರುವ ಕಾರಿಗೆ ದಪ್ಪ ಸೀಟ್ ಕವರ್ ಹೊಲಿಸಿದ್ದರೆ ಅದನ್ನೂ ತೆಗೆಸಿ.

ವರ್ಷವನ್ನೂ ಗಮನಿಸಿ. ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ ಆಗಿದ್ದು 2019ರ ಜುಲೈನಲ್ಲಿ. ಪಕ್ಕದ ಸೀಟಿನದ್ದು ಹೊಸ ಮಾಡೆಲ್‌ಗಳಿಗೆ 2021ರ ಏಪ್ರಿಲ್‌ನಿಂದ, ಆಗಲೇ ಮಾರುತ್ತಿದ್ದ ಮಾಡೆಲ್‌ಗಳಿಗೆ ಅದೇ ವರ್ಷದ ಕೊನೆಯ ಹೊತ್ತಿಗೆ. ಅದಕ್ಕಿಂತ ಹಳೆಯ ಕಾರಿನಲ್ಲಿ ಆ ಮಾಡೆಲ್‌ಗೆ ಏರ್‌ಬ್ಯಾಗ್ ಇತ್ತು ಅಂದಮಾತ್ರಕ್ಕೆ ಆ ವೇರಿಯಂಟ್‌ಗೂ ಇತ್ತು ಅಂತ ಅಲ್ಲ.

ಮಕ್ಕಳ ವಿಷಯ. ಅಕ್ಕ ಮುಂದಿನ ಸೀಟಲ್ಲಿ ಚಿಕ್ಕವನನ್ನು ತೊಡೆ ಮೇಲೆ ಕೂರಿಸಿಕೊಳ್ಳುತ್ತಿದ್ದಳು, ನಮ್ಮಲ್ಲಿ ಎಲ್ಲರೂ ಮಾಡೋದೇ ಅದು. ಏರ್‌ಬ್ಯಾಗ್ ಉಬ್ಬಲು ಸೆಕೆಂಡಿನ ಮೂವತ್ತನೇ ಒಂದು ಭಾಗದಷ್ಟು ಹೊತ್ತು ಸಾಕು, ಅಷ್ಟು ರಭಸಕ್ಕೆ ಮಧ್ಯೆ ಮಗು ಸಿಕ್ಕಿದರೆ ಉಳಿಯುವುದು ಕಷ್ಟ. ಮಗು ಹಿಂದೆ, ಅದರದ್ದೇ ಸೀಟಲ್ಲಿ. ದೊಡ್ಡವರಿಗೂ ಬೆಲ್ಟ್ ಹಾಕದೆ ಏರ್‌ಬ್ಯಾಗ್‌ನಿಂದ ಪೂರ್ತಿ ಪ್ರಯೋಜನ ಇಲ್ಲ, ಒಮ್ಮೊಮ್ಮೆ ಅದೇ ಏಟು ಕೊಡುತ್ತೆ.

ಅಕ್ಕ ಭಾವ ಕೊನೆಗೆ ಸೆಡಾನ್ ಆಸೆ ಬಿಟ್ಟು ಚಿಕ್ಕ ಕಾರನ್ನೇ ತಗೊಂಡರು, ಮನೆಯ ಓನರ್ ಹತ್ತಿರ ನೇರವಾಗಿ. ಅದನ್ನೂ ಅದೇ ಎಲೆಕ್ಟ್ರಿಷಿಯನ್ ನೋಡಿದರು. ಲೈಟ್ ಐದಾರು ಸೆಕೆಂಡಿಗೆ ತಾನಾಗಿ ಆರಿತು, ಕೋಡ್ ಇರಲಿಲ್ಲ, ಹಳದಿ ಕಪ್ಲರ್‌ಗಳಿಗೆ ಯಾರೂ ಕೈ ಹಾಕಿರಲಿಲ್ಲ. ಸರ್ವಿಸ್ ಸೆಂಟರ್‌ನಲ್ಲಿ ಚಾಸಿ ನಂಬರ್ ಕೊಟ್ಟು ಕೇಳಿದೆವು, ರಿಕಾಲ್ ಬಾಕಿ ಏನೂ ಇರಲಿಲ್ಲ.

ಎಲೆಕ್ಟ್ರಿಷಿಯನ್‌ಗೆ ಒಂದು ಸ್ಟಾರ್ ಕಮ್ಮಿ ಕೊಟ್ಟಿದ್ದು ಯಾಕೆ ಅಂದ್ರೆ ಬರಹದಲ್ಲಿ ರಿಪೋರ್ಟ್ ಕೊಡಲ್ಲ. ಕೋಡ್‌ಗಳ ಫೋಟೋ ನಾವೇ ಮೊಬೈಲ್‌ನಲ್ಲಿ ತೆಗೆದುಕೊಳ್ಳಬೇಕಾಯ್ತು, ಕಂಪನಿ ಜೊತೆ ಜಗಳ ಆಡುವಾಗ ಅದೇ ಕೈ ಹಿಡಿದದ್ದು. ನೀವು ಯಾರ ಹತ್ತಿರ ಹೋದರೂ ಫೋಟೋದಲ್ಲಿ ಕೋಡ್ ಜೊತೆ ಕಾರಿನ ನಂಬರ್ ಪ್ಲೇಟೂ ಬರುವ ಹಾಗೆ ತೆಗೆಯಿರಿ. ಕೆಲವು ಬ್ರ್ಯಾಂಡಿನ ಕಾರಿಗೆ ಅವರ ಸ್ಕ್ಯಾನರ್ ಹೊಂದಲ್ಲ, ಮೊದಲೇ ಫೋನ್ ಮಾಡಿ ಮಾಡೆಲ್ ಹೇಳಿ ಕೇಳಿಕೊಂಡು ಹೋಗಬೇಕು. ಚಾರ್ಜ್ ಒಂದು ಸಾಮಾನ್ಯ ಸರ್ವಿಸ್‌ಗಿಂತ ಕಮ್ಮಿಯೇ, ಬಿಚ್ಚಿ ನೋಡಿದ್ದಕ್ಕೆ ಸ್ವಲ್ಪ ಜಾಸ್ತಿ ತಗೊಂಡರು. ಡ್ಯಾಶ್‌ಬೋರ್ಡ್ ವಾಪಸ್ ಹಾಕಿದ ಮೇಲೆ ಎಲ್ಲೂ ಕಟಕಟ ಸದ್ದು ಇಲ್ಲ. ಆ ಗಲ್ಲಿಯಲ್ಲಿ ಪಾರ್ಕಿಂಗ್ ಸಿಗಲ್ಲ, ಬೆಳಗ್ಗೆ ಅಂಗಡಿ ತೆಗೆಯುವ ಹೊತ್ತಿಗೇ ಹೋಗಿ.